ಬೆಂಚಿನ ಮೇಲಿನ ಅಳಿಯ

ಹಾವೇರಿಯಲ್ಲಿ ಯಾರಿಗಾದರೂ ನಾನು ಏಜೆಂಟ್ ಅಂತ ಹೇಳಿದರೆ ಅವರು ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿ, "ಪಾಲಿಸಿ ಹೋದ ವರ್ಷಾನ ಮಾಡ್ಸೇವ್ರಿ" ಅನ್ನುತ್ತಾರೆ. ವಿಮೆಯದಲ್ಲ, ಫುಟ್‌ಬಾಲ್ ಆಟಗಾರರ ಏಜೆಂಟ್ ಅಂದಾಗ ಕುರ್ಚಿ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ಅವರ ತಪ್ಪೇನೂ ಇಲ್ಲ. ನಮ್ಮ ಕಡೆ ಕಬಡ್ಡಿಗೆ ಮರ್ಯಾದೆಯುಂಟು, ಕುಸ್ತಿಗೆ ಮರ್ಯಾದೆಯುಂಟು, ಕ್ರಿಕೆಟ್ಟಿಗಂತೂ ಕೇಳುವುದೇ ಬೇಡ. ಫುಟ್‌ಬಾಲ್ ಎಂದರೆ ಪಿ.ಟಿ. ಮಾಸ್ತರರು ತಮಗೆ ತಲೆನೋವಿದ್ದ ದಿನ ಹುಡುಗರ ನಡುವೆ ಎಸೆದು ಹೋಗುವ ಒಂದು ವಸ್ತು.

ನಾನು ಮೂಲತಃ ವಕೀಲೆ. ಕಪ್ಪು ಕೋಟು ಹಾಕಿಕೊಂಡು ಖರೀದಿ ಪತ್ರ, ಅಣ್ಣತಮ್ಮಂದಿರ ಆಸ್ತಿಪಾಲಿನ ವಾಟ್ನಿ, ಗಂಡಹೆಂಡಿರ ಜಗಳ ಇವುಗಳಲ್ಲಿ ಹೊಟ್ಟೆ ಹೊರೆಯುತ್ತಿದ್ದವಳು. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದ ಒಂದು ಕುಟುಂಬದ ಆಸ್ತಿ ಹಂಚಿಕೆಯ ಕೆಲಸ ಮಾಡಿಕೊಟ್ಟಿದ್ದೆ. ಆ ಮನೆಯ ಮಗ ಒಂದು ದಿನ ನನ್ನ ಆಫೀಸಿಗೆ ಬಂದ. ಟೈರ್ ಅಂಗಡಿಯ ಮೇಲಿನ ಆ ಕೋಣೆಯ ಬಾಗಿಲಿಗೆ ತಲೆ ಬಗ್ಗಿಸದೆ ಬರಲಾರದಷ್ಟು ಎತ್ತರ, ಮೊರದಷ್ಟು ಅಗಲದ ಅಂಗೈ. ಗೋವಾದ ಒಂದು ಕ್ಲಬ್ಬು ಅವನನ್ನು ಗೋಲ್‌ಕೀಪರ್ ಆಗಿ ಕರೆದಿತ್ತು. ಇಂಗ್ಲಿಷಿನ ಕರಾರು ಪತ್ರವನ್ನು ಮೇಜಿನ ಮೇಲಿಟ್ಟು, "ಅಕ್ಕಾರ, ಇದರಾಗ ಸಹಿ ಎಲ್ಲಿ ಮಾಡಬೇಕ್ರಿ?" ಅಂದ.

"ಓದೀಯೇನು?"

"ಇಲ್ರಿ. ಸಹಿ ಮಾಡೋ ಜಾಗಾ ಅಷ್ಟ ಹುಡಕೇನಿ. ಅದೂ ಸಿಗವಲ್ದು."

ನಾನು ಓದಿದೆ. ಅದನ್ನು ಬರೆದವರು ಆಟಗಾರನ ಕೈಕಾಲು ಮುರಿದರೆ ಅದು ಅವನ ಖಾಸಗಿ ವಿಷಯ ಎಂಬಂತೆ ಬರೆದಿದ್ದರು. ಅಲ್ಲಿಂದಲೇ ಕ್ಲಬ್ಬಿನ ವ್ಯವಸ್ಥಾಪಕರಿಗೆ ಫೋನು ಹಚ್ಚಿ, ಕೋರ್ಟಿನಲ್ಲಿ ವಿರೋಧಿ ವಕೀಲರ ಮೇಲೆ ಪ್ರಯೋಗಿಸುವ ಸ್ವರದಲ್ಲಿ ಮಾತಾಡಿದೆ. ಎರಡೇ ಫೋನಿನಲ್ಲಿ ದವಾಖಾನೆಯ ಖರ್ಚು, ಇರಲು ಮನೆ, ಊರಿಗೆ ಬಂದುಹೋಗುವ ಟಿಕೀಟು ಎಲ್ಲ ಕ್ಲಬ್ಬಿನ ತಲೆಗೆ ಬಿದ್ದವು. ಹುಡುಗ ಹೋಗಿ ತನ್ನ ಗೆಳೆಯರಿಗೆಲ್ಲ ಹೇಳಿದ. ಆಮೇಲೆ ನಾನು ಏಜೆಂಟರ ಪರೀಕ್ಷೆ ಬರೆದು ಲೈಸನ್ಸು ಪಡೆದೆ. ಆಗ ಆಫ್‌ಸೈಡ್ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ಈಗಲೂ ಯಾರಾದರೂ ಒಮ್ಮೆಲೇ ಕೇಳಿದರೆ ನೀರು ಕುಡಿಯಲು ಹೋಗುತ್ತೇನೆ.

ಒಂದು ದಿನ ಆ ಗೋಲ್‌ಕೀಪರನ ತಾಯಿ ಆಫೀಸಿಗೆ ಬಂದರು. ಸೆರಗಿನಿಂದ ಮುಖ ಒರೆಸಿಕೊಂಡು, "ಮಗಾ ರಜಾ ಹಾಕಿ ಬಂದಾನ್ರಿ. ನಾಳೆ ಬ್ಯಾಡಗಿಗೆ ಹುಡುಗಿ ನೋಡಾಕ ಹೊಂಟೇವಿ. ನೀವೂ ಬರಬೇಕ್ರಿ" ಅಂದರು.

"ನಾನ್ಯಾಕ್ರಿ? ನಾನು ಸಂಬಂಧಿಕಳೂ ಅಲ್ಲ."

"ಹುಡುಗ ಏನ್ ಮಾಡ್ತಾನ ಅಂತ ಕೇಳ್ತಾರಲ್ರಿ. ನಮಗ ಹೇಳಾಕ ಬರಂಗಿಲ್ಲ. ಹಿಂದಕ ದಾವಣಗೆರಿಗೆ ಹೋದಾಗ ನಮ್ಮ ಮನಿಯವರು, ‘ಚಂಡು ಹಿಡಿತಾನ್ರಿ’ ಅಂದಬಿಟ್ರು. ಅವರು ಚಹಾ ಸೈತ ಕೊಡಲಿಲ್ಲ."

ಕಕ್ಷಿದಾರನ ಹಿತ ಕಾಯುವುದು ನನ್ನ ಧರ್ಮ ಎಂದು ಲೈಸನ್ಸಿನ ಪರೀಕ್ಷೆಯಲ್ಲಿ ಬರೆದಿದ್ದೆ. ಹುಡುಗಿ ನೋಡುವುದು ಅದರಲ್ಲಿ ಬರುತ್ತದೋ ಇಲ್ಲವೋ ಅಲ್ಲಿ ಸ್ಪಷ್ಟವಿರಲಿಲ್ಲ. ಹೋದೆ.

ಬ್ಯಾಡಗಿಯ ಆ ಮನೆಯ ಯಜಮಾನರು ಮೆಣಸಿನಕಾಯಿ ವ್ಯಾಪಾರಿ, ಊರಾಚೆ ಒಂದು ಕೋಲ್ಡ್ ಸ್ಟೋರೇಜೂ ಇತ್ತು. ಒಳಗೆ ಕಾಲಿಟ್ಟ ಕೂಡಲೇ ನಾವೆಲ್ಲ ಸೀನಿದೆವು. ಮನೆಯವರು ಯಾರೂ ಸೀನಲಿಲ್ಲ. ಉಪ್ಪಿಟ್ಟು, ಶಿರಾ ಬಂದವು. ಯಜಮಾನರು ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿ ಮುಗಿಸಲು ಸ್ವಲ್ಪ ಹೊತ್ತು ತೆಗೆದುಕೊಂಡರು, ಅಷ್ಟು ಉದ್ದವಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ಹುಡುಗ ಏನ್ ಮಾಡ್ತಾನ್ರಿ?"

"ಫುಟ್‌ಬಾಲ್ ಕ್ಲಬ್ಬಿನಾಗ ಗೋಲ್‌ಕೀಪರ್ ಅದಾನ್ರಿ."

"ಅಂದ್ರ?"

"ಎದುರಿನವರು ಗೋಲು ಹೊಡೀದಂಗ ತಡೀತಾನ್ರಿ."

"ತಾ ಹೊಡ್ಯಾಂಗಿಲ್ಲ?"

"ಇಲ್ರಿ."

"ಬರೇ ಮಂದಿ ಒಳಗ ಬರದಂಗ ನೋಡ್ಕೋತಾನ."

"ಹೌದ್ರಿ."

"ವಾಚ್‌ಮನ್ ಅನ್ರಿ."

ಹುಡುಗನ ತಂದೆ ಉಪ್ಪಿಟ್ಟಿನ ತಾಟಿನಲ್ಲಿ ಮುಖವಿಟ್ಟು, ಸದ್ಯ ಈ ಸಲ ತಾನು ಹೇಳಲಿಲ್ಲ ಎಂಬ ಸಮಾಧಾನದಲ್ಲಿ ತಿನ್ನುತ್ತಿದ್ದರು. ನಾನು ಸಂಬಳ, ಕ್ಲಬ್ಬು, ಕರಾರು ಎಂದು ವಿವರಿಸತೊಡಗಿದೆ. ಯಜಮಾನರು ಕೈಯೆತ್ತಿ ತಡೆದು, "ಅದಿರಲಿ, ಇದರಾಗ ನಿಮ್ಮದೇನು?" ಅಂದರು.

"ಹುಡುಗನ ಪರವಾಗಿ ಕ್ಲಬ್ಬಿನವರ ಜೋಡಿ ಮಾತಾಡಿ, ಇಬ್ಬರಿಗೂ ಒಪ್ಪಿಗಿ ಆಗೂವಂಗ ಕುದುರಸ್ತೇನ್ರಿ."

ಅವರ ಮುಖ ಒಮ್ಮೆಲೇ ಅರಳಿತು. "ಮೊದಲ ಹೇಳಬಾರದೇನ್ರಿ! ನೀವು ದಲಾಲ್ರು. ನಮ್ಮವರ ಆದ್ರಿ. ಏ, ವಕೀಲ್ರಿಗೆ ಇನ್ನೊಂದೀಟು ಶಿರಾ ಹಾಕ್ರಿ."

ಧಾರವಾಡದಲ್ಲಿ ಕಾನೂನು ಓದಿ, ಲೈಸನ್ಸು ಪಡೆದು, ನಾನು ತಲುಪಿದ ಗೌರವದ ಶಿಖರ ಅದು. ಶಿರಾ ಮಾತ್ರ ಭರ್ಜರಿಯಾಗಿತ್ತು.

ಹುಡುಗಿ ಬಂದು ಕುಳಿತಳು. ಕೋಲ್ಡ್ ಸ್ಟೋರೇಜಿನ ವ್ಯವಹಾರವನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆಂದು ತಾಯಿ ಹೇಳಿದರು. ಅದು ಹೇಳದೆಯೂ ತಿಳಿಯುತ್ತಿತ್ತು. ಕುಳಿತವಳು ನೆಲ ನೋಡಲಿಲ್ಲ, ನಮ್ಮನ್ನೆಲ್ಲ ಲಾರಿಯಿಂದ ಇಳಿದ ಮಾಲಿನಂತೆ ಒಬ್ಬೊಬ್ಬರನ್ನಾಗಿ ನೋಡಿದಳು. ಏನಾದರೂ ಕೇಳುವುದಿದ್ದರೆ ಕೇಳು ಎಂದಾಗ ನೇರವಾಗಿ ಹುಡುಗನನ್ನೇ ಕೇಳಿದಳು.

"ಗೋಲು ಬಿಟ್ಟ ದಿನಾ ಮನೀಗೆ ಬಂದು ಸಿಟ್ಟು ಯಾರ ಮ್ಯಾಲೆ ತೋರಸ್ತೀರಿ?"

ಹುಡುಗ ಉಪ್ಪಿಟ್ಟಿನ ತಾಟು ಕೆಳಗಿಟ್ಟ.

"ಯಾರ ಮ್ಯಾಲೂ ಇಲ್ರಿ. ಅನ್ನ ಸ್ವಲ್ಪ ಜಾಸ್ತಿ ಉಣ್ತೇನಿ."

ಹುಡುಗಿ ನಕ್ಕಳು. ಹುಡುಗನ ಕಿವಿ ಕೆಂಪಾದವು. ಕೆಲಸ ಮುಗಿಯಿತು, ಇನ್ನು ತಾರೀಖು ನೋಡುವುದಷ್ಟೇ ಎಂದು ನಾನು ಎರಡನೇ ಸಲದ ಶಿರಾಕ್ಕೆ ಕೈ ಹಾಕಿದೆ. ಆಗ ಯಜಮಾನರು ಅಂದರು, "ಮಾಲು ನೋಡದ ವ್ಯಾಪಾರ ಆಗಂಗಿಲ್ಲ. ಮುಂದಿನ ಮ್ಯಾಚು ಟೀವಿಯಾಗ ಬರತೈತೇನ್ರಿ? ಎಲ್ಲಾರೂ ಇಲ್ಲೇ ಕುಂತು ನೋಡೂಣು. ವಕೀಲ್ರ, ನೀವ ಬರಬೇಕ, ತಿಳಿಸಿ ಹೇಳಾಕ."

ಹುಡುಗನ ಕೆಂಪು ಕಿವಿಗಳು ಬೆಳ್ಳಗಾದವು.

ವಿಷಯ ಇಷ್ಟೇ. ಅವನು ಆ ಕ್ಲಬ್ಬಿನ ಎರಡನೇ ಗೋಲ್‌ಕೀಪರ್. ಫುಟ್‌ಬಾಲಿನಲ್ಲಿ ಎರಡನೇ ಗೋಲ್‌ಕೀಪರ್ ಎಂದರೆ ಮೊದಲನೆಯವನಿಗೆ ಏನಾದರೂ ಆಗಲಿ ಎಂದು ಹಾರೈಸದೆ ಕಾಯುವ ಮನುಷ್ಯ. ಮೊದಲನೆಯವನು ಅನುಭವಿ, ಗಟ್ಟಿಮುಟ್ಟು, ಅವನಿಗೆ ನೆಗಡಿ ಕೂಡ ಬರುತ್ತಿರಲಿಲ್ಲ. ನಮ್ಮ ಹುಡುಗ ಆ ಇಡೀ ಸೀಸನ್ನಿನಲ್ಲಿ ಒಂದು ಮ್ಯಾಚಿಗೂ ಮೈದಾನಕ್ಕೆ ಇಳಿದಿರಲಿಲ್ಲ. ಅವನ ಮನೆಯಲ್ಲಿ ಇದು ಗೊತ್ತಿರಲಿಲ್ಲ. ಮಗನ ಮುಖಕ್ಕೆ ಚಂಡು ಬಡಿದೀತೆಂಬ ಹೆದರಿಕೆಯಿಂದ ತಾಯಿ ಮ್ಯಾಚು ನೋಡುತ್ತಿರಲಿಲ್ಲ, ತಾಯಿ ನೋಡದಿದ್ದನ್ನು ತಂದೆ ನೋಡುತ್ತಿರಲಿಲ್ಲ.

ಹೊರಗೆ ಕಾರಿನ ಹತ್ತಿರ ಹುಡುಗ ಪಿಸುಗುಟ್ಟಿದ, "ಅಕ್ಕಾರ, ಹೇಳಿಬಿಡಬೇಕಾಗಿತ್ತ್ರಿ."

"ಆಡ್ತೀಯೇನು ಅಂತ ಅವರು ಕೇಳಲಿಲ್ಲಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ರ ಸಾಕ್ಷಿ ಕೆಡತಾನ."

ಆ ವಾರ ಬೇರೇನೋ ಕೆಲಸಕ್ಕೆ ಕಾಗಿನೆಲೆಗೆ ಹೋಗಿದ್ದೆ. ಹೇಗೂ ಬಂದಿದ್ದೇನೆಂದು ದೇವರ ಮುಂದೆ ನಿಂತು ಕೈಮುಗಿದೆ. ಗೋವಾದಲ್ಲಿ ಒಬ್ಬರ ತೊಡೆಯ ನರ ಸ್ವಲ್ಪ ಹಿಡಿದುಕೊಳ್ಳಲಿ, ಜಾಸ್ತಿಯೇನೂ ಬೇಡ, ಒಂದು ವಾರದಲ್ಲಿ ಬಿಟ್ಟರೂ ನಡೆದೀತು ಎಂದು ಬೇಡಿಕೊಂಡೆ. ಪಕ್ಕದಲ್ಲಿ ನಿಂತಿದ್ದ ಮುದುಕಿ ನನ್ನ ಭಕ್ತಿಯನ್ನು ಮೆಚ್ಚಿ ನೋಡಿದಳು. ಅರ್ಜಿ ವಜಾ ಆಯಿತು.

ಮ್ಯಾಚಿನ ಸಂಜೆ ಬ್ಯಾಡಗಿಯ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಜಮಾನರು ಅಣ್ಣತಮ್ಮಂದಿರನ್ನು, ಬಾಜೂ ಅಂಗಡಿಯವರನ್ನು, ಲೆಕ್ಕ ಬರೆಯುವವರನ್ನು ಎಲ್ಲ ಕರೆದಿದ್ದರು. ಗಿರ್ಮಿಟ್ಟು, ಮಿರ್ಚಿ ಭಜಿ ತಾಟುಗಟ್ಟಲೆ ಬರುತ್ತಿದ್ದವು. ಹುಡುಗನ ತಾಯ್ತಂದೆ ರಾಣೆಬೆನ್ನೂರಿನಿಂದ ಬಂದು, ಮಗನ ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ಸೋಫಾದ ತುದಿಯಲ್ಲಿ ಕುಳಿತಿದ್ದರು. ನನ್ನನ್ನು ಟೀವಿಯ ಪಕ್ಕದ ಕುರ್ಚಿಯಲ್ಲಿ, ವಧುವಿಗೆ ಮೀಸಲಾದಂತಹ ಜಾಗದಲ್ಲಿ ಕೂರಿಸಿದರು.

ಆಟಗಾರರು ಸಾಲಾಗಿ ಬಂದರು. ಯಜಮಾನರು ಕನ್ನಡಕ ಏರಿಸಿ ಒಬ್ಬೊಬ್ಬರನ್ನೂ ಹುಡುಕಿದರು.

"ನಮ್ಮ ಹುಡುಗ ಎಲ್ಲ್ಯದಾನ್ರಿ?"

"ಬರ್ತಾನ್ರಿ," ಅಂದೆ. ವಕೀಲಿಕೆಯಲ್ಲಿ ಇದಕ್ಕೆ ವಾಯಿದೆ ಕೇಳುವುದು ಎನ್ನುತ್ತಾರೆ.

ಆಟ ಶುರುವಾಯಿತು. ಗೋಲಿನಲ್ಲಿ ಬೇರೆ ಯಾರೋ ನಿಂತಿದ್ದರು. ಮನೆ ತುಂಬ ಜನ ಒಮ್ಮೆ ಟೀವಿಯನ್ನೂ ಒಮ್ಮೆ ನನ್ನನ್ನೂ ನೋಡತೊಡಗಿದರು. ಅಷ್ಟರಲ್ಲಿ ಕ್ಯಾಮೆರಾ ಬದಿಗೆ ತಿರುಗಿತು. ಹಸಿರು ಅಂಗಿ ಹಾಕಿಕೊಂಡು, ಬೆಂಚಿನ ಮೇಲೆ ಕಾಲು ಚಾಚಿ, ನಮ್ಮ ಹುಡುಗ ಬಾಳೆಹಣ್ಣು ತಿನ್ನುತ್ತಿದ್ದ.

"ಅಯ್ಯ, ಅಲ್ಲಿ ಕುಂತಾನ ನೋಡ್ರಿ!" ಹುಡುಗನ ತಾಯಿ ಖುಷಿಯಿಂದ ಕೂಗಿದರು. ಅವರ ಮಟ್ಟಿಗೆ ಮಗ ಟೀವಿಯಲ್ಲಿ ಬಂದಿದ್ದ, ಅದೂ ಮುಖಕ್ಕೆ ಚಂಡು ಬಡಿಯದ ಜಾಗದಲ್ಲಿ.

"ಕುಂತಾನ ಖರೆ," ಅಂದರು ಯಜಮಾನರು. "ಯಾಕ ಕುಂತಾನ?"

ಇನ್ನು ವಾಯಿದೆ ಸಿಗುವಂತಿರಲಿಲ್ಲ. ಎದ್ದು ನಿಂತು ಎಲ್ಲ ಹೇಳಿದೆ. ಇಬ್ಬರು ಗೋಲ್‌ಕೀಪರ್ ಇರುತ್ತಾರೆ, ಒಬ್ಬ ಆಡುತ್ತಾನೆ, ಅವನಿಗೆ ಏನಾದರೂ ಆದರೆ ಇನ್ನೊಬ್ಬ, ನಮ್ಮವನು ಇನ್ನೊಬ್ಬ. ಭಜಿ ಕಡಿಯುವ ಸಪ್ಪಳವೂ ನಿಂತಿತು. ಹುಡುಗಿಯ ಅಜ್ಜಿ ಮಾತ್ರ ಟೀವಿ ನೋಡುತ್ತಲೇ, "ಕುಂತಲ್ಲೇ ಚಂದ ಕಾಣ್ತಾನ ಬಿಡ್ರಿ" ಅಂದರು.

ಯಜಮಾನರು ನಿಧಾನವಾಗಿ ಕೇಳಿದರು, "ಈ ವರ್ಷ ಒಮ್ಮಿನೂ ಆಡಿಲ್ಲ?"

"ಇಲ್ರಿ."

"ಪಗಾರ?"

"ತಿಂಗಳಾ ತಪ್ಪಂಗಿಲ್ರಿ."

"ಆಡದಿದ್ರೂ?"

"ಆಡದಿದ್ರೂ."

"ಮನಿ?"

"ಕ್ಲಬ್ಬಿನವರ ಕೊಟ್ಟಾರ್ರಿ."

ಯಜಮಾನರು ಸುತ್ತಲೂ ನೋಡಿದರು. ತಮ್ಮನ ತೊಡೆಯ ಮೇಲೆ ಫಟ್ ಎಂದು ಹೊಡೆದು, "ಇದು ಸರಕಾರಿ ನೌಕರಿ ಇದ್ದಂಗಲೇ!" ಅಂದರು. "ಕುಂದ್ರಾಕ ಪಗಾರ, ಇರಾಕ ಕ್ವಾರ್ಟರ್ಸು, ತಿನ್ನಾಕ ಬಾಳಿಹಣ್ಣು. ನಾ ಎಲ್ಲೋ ಓಡ್ಯಾಡಿ ಕಾಲು ಮುರಕೊಳ್ಳೋ ಕೆಲಸ ಅಂದ್ಕೊಂಡಿದ್ದೆ."

ಮತ್ತೆ ಭಜಿ ಬಂದವು. ಉಳಿದ ಮ್ಯಾಚಿನಲ್ಲಿ ಯಾರೂ ಆಟ ನೋಡಲಿಲ್ಲ. ಕ್ಯಾಮೆರಾ ಬೆಂಚಿನ ಕಡೆ ತಿರುಗಿದಾಗಲೆಲ್ಲ ಚಪ್ಪಾಳೆ ಹೊಡೆದರು. ನಾನು ಆ ಮನೆಯಲ್ಲಿ ಒಬ್ಬಳನ್ನು ಮಾತ್ರ ಗಮನಿಸುತ್ತಿದ್ದೆ. ಹುಡುಗಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಚಪ್ಪಾಳೆ ಹೊಡೆಯಲಿಲ್ಲ.

ಮರುದಿನ ಅವಳು ಬಸ್ಸು ಹತ್ತಿ ಹಾವೇರಿಗೆ, ನನ್ನ ಆಫೀಸಿಗೆ ಬಂದಳು. ಚಹಾ ಬೇಡವೆಂದಳು.

"ವಕೀಲ್ರ, ಒಂದ ಮಾತು. ಅವರಿಗೆ ಆಡಾಕ ಬರಂಗಿಲ್ಲೋ, ಅವರಿಗೆ ಆಡಾಕ ಕೊಡಂಗಿಲ್ಲೋ?"

ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಕೇಳದಿದ್ದ ಪ್ರಶ್ನೆ ಅದು. ಕ್ಲಬ್ಬಿನವರನ್ನೂ ಕೇಳಿರಲಿಲ್ಲ, ಹುಡುಗನನ್ನೂ ಕೇಳಿರಲಿಲ್ಲ. ಗೊತ್ತಿದ್ದಷ್ಟು ಹೇಳಿದೆ. ಹುಡುಗ ಒಳ್ಳೆಯ ಆಟಗಾರ, ತರಬೇತಿಯಲ್ಲಿ ನೋಡಿದವರೆಲ್ಲ ಹೊಗಳುತ್ತಾರೆ. ಈಗಿನ ಕ್ಲಬ್ಬು ಕರಾರು ಮುಂದುವರಿಸಲು ಸಿದ್ಧವಿದೆ, ಆದರೆ ಅದೇ ಬೆಂಚು. ಕೇರಳದ ಒಂದು ಸಣ್ಣ ಕ್ಲಬ್ಬು, ಕೆಳಗಿನ ಲೀಗಿನದು, ಅವನನ್ನು ಮೊದಲನೇ ಗೋಲ್‌ಕೀಪರ್ ಮಾಡುತ್ತೇವೆ ಬಾ ಎಂದು ಕರೆಯುತ್ತಿದೆ. ಅಲ್ಲಿ ಪಗಾರ ಕಡಿಮೆ, ಮ್ಯಾಚು ಟೀವಿಯಲ್ಲೂ ಬರುವುದಿಲ್ಲ.

"ಅವರೇನಂತಾರ?"

"ನೋಡೂಣು ಅಂತಾನ. ಬಹಳ ದಿನ ಆತು, ನೋಡಾಕತ್ತಾನ."

"ಫೋನ್ ಹಚ್ರಿ."

ಹಚ್ಚಿದೆ. ಸ್ಪೀಕರ್ ಹಾಕಿದೆ. ಯಾರು ಮಾತಾಡುತ್ತಿದ್ದಾರೆ ಎಂದು ತಿಳಿದ ಕೂಡಲೇ ಆ ಕಡೆಯಿಂದ ಏನೋ ಕೆಳಗೆ ಬಿದ್ದ ಸಪ್ಪಳವಾಯಿತು. ಮೊರದಷ್ಟು ಕೈಯಿದ್ದವನು ಫೋನು ಬೀಳಿಸಿದ್ದ.

"ನಿಮಗ ಆಡಬೇಕಂತ ಐತೋ ಇಲ್ಲೋ?" ಕೇಳಿದಳು.

ಅವನು ಹೇಳಿದ್ದನ್ನು ಅವನ ಏಜೆಂಟ್ ಆಗಿದ್ದೂ ನಾನು ಮೊದಲ ಬಾರಿ ಕೇಳಿದೆ. "ಹೆದರಿಕಿ ಆಗತೈತ್ರಿ. ಎರಡು ವರ್ಷದ ಹಿಂದ ಒಂದು ಮ್ಯಾಚಿನಾಗ ಕೈಯಾಗ ಬಂದ ಚಂಡು ಬಿಟ್ಟೆ. ಸ್ಟೇಡಿಯಂ ತುಂಬ ನಕ್ರು. ಬೆಂಚ್ ಮ್ಯಾಲೆ ಕುಂತ್ರ ಯಾರೂ ನಗಂಗಿಲ್ಲ. ರಾತ್ರಿ ನಿದ್ದಿ ಚಲೋ ಬರತೈತಿ."

ನಾನು ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ಅವಳು ಕೈಸನ್ನೆ ಮಾಡಿ ಸುಮ್ಮನಾಗಿಸಿದಳು.

"ನಮ್ಮ ಕೋಲ್ಡ್ ಸ್ಟೋರೇಜಿನಾಗ ಮಾಲು ಕೆಡಂಗಿಲ್ರಿ. ಹಂಗಂತ ಅಲ್ಲೇ ಇಡಾಕ ಯಾರೂ ಬೆಳ್ಯಾಂಗಿಲ್ಲ."

"ನಾ ಮೆಣಸಿನಕಾಯಿ ಅಲ್ರಿ," ಅಂದ ಅವನು, ಸ್ವಲ್ಪ ಸಿಟ್ಟಿನಿಂದಲೇ.

"ಸಿಟ್ಟು ಬರತೈತಲ್ಲ ಮತ್ತ! ನಿಮಗ ಸಿಟ್ಟ ಬರಂಗಿಲ್ಲಂತ ತಿಳಕೊಂಡಿದ್ದೆ." ಅವಳು ನಕ್ಕಳು. ಆಮೇಲೆ ದನಿ ತಗ್ಗಿಸಿ ಹೇಳಿದಳು, "ನೋಡ್ರಿ, ಮಂದಿ ನಕ್ರ ನಗಲಿ. ನಾನೂ ನಗತೇನಿ. ಆದ್ರ ಆಡೋ ಮನಷಾನ್ನ ನೋಡಿ ನಗಬೇಕಂತೇನಿ, ಬಾಳಿಹಣ್ಣು ತಿನ್ನೋರನ್ನಲ್ಲ. ವಿಚಾರ ಮಾಡ್ರಿ. ನನಗ ಗಡಿಬಿಡಿ ಇಲ್ಲ."

ಫೋನು ಇಟ್ಟ ಮೇಲೆ ಅವಳು ಚಹಾ ಕೇಳಿದಳು. ಬಿಸಿಯನ್ನೂ ನೋಡದೆ ಒಂದೇ ಗುಟುಕಿಗೆ ಮುಗಿಸಿ ಇನ್ನೊಂದು ಲೋಟ ಕೇಳಿದಳು. ಅಷ್ಟು ಧೈರ್ಯವನ್ನು ಅವಳು ಬ್ಯಾಡಗಿಯಿಂದ ಹಾವೇರಿಯವರೆಗೆ ಬಸ್ಸಿನಲ್ಲಿ ಗಟ್ಟಿ ಹಿಡಿದುಕೊಂಡು ಬಂದಿದ್ದಳೆಂದು ಆಗ ತಿಳಿಯಿತು.

ವಾರದೊಳಗೆ ಹುಡುಗನ ಫೋನು ಬಂತು. "ಅಕ್ಕಾರ, ಕೇರಳಕ್ಕ ಹೂಂ ಅನ್ರಿ."

ಗೋವಾದ ಕ್ಲಬ್ಬಿನವರು ಬೇಸರ ಮಾಡಿಕೊಳ್ಳಲಿಲ್ಲ. ಬೆಂಚಿನ ಮೇಲೆ ಕೂರುವವರಿಗೆ ದೇಶದಲ್ಲಿ ಕೊರತೆಯಿಲ್ಲ. ಬೇಸರ ಮಾಡಿಕೊಂಡದ್ದು ಬ್ಯಾಡಗಿಯ ಯಜಮಾನರು. ಫೋನಿನಲ್ಲಿ ನನ್ನನ್ನು ಹಿಗ್ಗಾಮುಗ್ಗಾ ತರಾಟೆಗೆ ತೆಗೆದುಕೊಂಡರು. "ಎಂಥಾ ದಲಾಲ್ರು ನೀವು? ಕಾಯಂ ಕುರ್ಚಿ ಬಿಡಿಸಿ ಬಿಸಲಾಗ ನಿಲ್ಲಿಸಿದ್ರಿ!" ಇದು ಅವರ ಮಗಳ ಕಿತಾಪತಿ ಎಂದು ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ, ಮನೆಯಲ್ಲಿ ಗೊತ್ತಿದ್ದಿರಬೇಕು.

ಹುಡುಗ ಕೇರಳದ ಮೊದಲ ಮ್ಯಾಚಿನಲ್ಲಿ ನಾಲ್ಕು ಗೋಲು ಬಿಟ್ಟ. ಕ್ಲಬ್ಬಿನವರು ಇಂಟರ್‌ನೆಟ್ಟಿನಲ್ಲಿ ತೋರಿಸುತ್ತಿದ್ದ ಆಟವನ್ನು ನಾನು ಫೋನಿನ ಪುಟ್ಟ ಪರದೆಯಲ್ಲಿ ನೋಡುತ್ತ, ಹೊಸ ಉದ್ಯೋಗ ಯಾವುದು ಹಿಡಿಯಬಹುದೆಂದು ಲೆಕ್ಕ ಹಾಕುತ್ತಿದ್ದೆ. ಎರಡನೆಯದರಲ್ಲಿ ಎರಡು ಬಿಟ್ಟ. ಮೂರನೆಯದರಲ್ಲಿ ಪೆನಾಲ್ಟಿಯೊಂದನ್ನು ಹಾರಿ ಹಿಡಿದು, ಎದ್ದು ನಿಂತು, ತಾನೇ ನಂಬದವನಂತೆ ಕೈಯೊಳಗಿನ ಚಂಡನ್ನು ನೋಡಿದ. ಕೂಡಲೇ ನನ್ನ ಫೋನು ರಿಂಗಾಯಿತು. ಯಜಮಾನರು. "ವಕೀಲ್ರ, ಹಿಡದ! ಎದುರಿನ ಮಗಾ ಎಷ್ಟ ಜೋರ ಒದ್ದ ನೋಡಿದ್ರ್ಯಾ? ಅದಕ್ಕ ಕೇಸ್ ಹಾಕಾಕ ಬರತೈತೇನ್ರಿ?" ಅಂದಿನಿಂದ ಪ್ರತಿ ಮ್ಯಾಚಿನ ದಿನ ಅವರ ಫೋನು ತಪ್ಪಲಿಲ್ಲ. ರೆಫರಿಯ ಮೇಲೆ ಅವರು ಹೊರಿಸಿದ ಆರೋಪಗಳನ್ನು ಬರೆಯಲು ನನ್ನ ಲೈಸನ್ಸು ಒಪ್ಪುವುದಿಲ್ಲ.

ನಿಶ್ಚಿತಾರ್ಥವಾಯಿತು. ಮದುವೆಯ ತಾರೀಖು ಮಾತ್ರ ನನ್ನ ವೃತ್ತಿಜೀವನದ ಅತಿ ಕಠಿಣ ವ್ಯವಹಾರ. ಲೀಗಿನ ವೇಳಾಪಟ್ಟಿ ಒಂದು ಕಡೆ, ಪಂಚಾಂಗ ಇನ್ನೊಂದು ಕಡೆ. ಮುಹೂರ್ತವಿದ್ದ ದಿನಗಳಲ್ಲೆಲ್ಲ ಮ್ಯಾಚು, ಮ್ಯಾಚಿಲ್ಲದ ದಿನಗಳಲ್ಲಿ ಗ್ರಹಗಳಿಗೆ ತಕರಾರು. ಶಾಸ್ತ್ರಿಗಳ ಮುಂದೆ ಕುಳಿತು ಅರ್ಧ ದಿನ ವಾದಿಸಿದೆ. ಕೊನೆಗೆ ಅವರು ಕನ್ನಡಕ ತೆಗೆದು, "ತಂಗಿ, ನೀ ಯಾವ ಗ್ರಹದ ವಕೀಲಿ?" ಎಂದು ಕೇಳಿ, ಸೀಸನ್ ಮುಗಿದ ವಾರದಲ್ಲಿ ಬೆಳಗಿನ ಒಂದು ಮುಹೂರ್ತವನ್ನು ಎಲ್ಲಿಂದಲೋ ಹೊರತೆಗೆದರು. ಕ್ಲಬ್ಬಿನವರು ಯಾರೂ ಅವರಷ್ಟು ಬಿಗಿಯಾಗಿ ಕುಳಿತದ್ದನ್ನು ನಾನು ನೋಡಿಲ್ಲ.

ಮದುವೆಗೆ ಕೇರಳದಿಂದ ತಂಡದ ಆಟಗಾರರು ಬಂದಿದ್ದರು. ಊಟದ ಪಂಕ್ತಿಯಲ್ಲಿ ಬ್ಯಾಡಗಿಯ ಚಟ್ನಿ ತಿಂದು ಅವರ ಸ್ಟ್ರೈಕರ್ ಕಣ್ಣೀರಿಡುತ್ತಿದ್ದಾಗ ಯಜಮಾನರು ಖುದ್ದಾಗಿ ಬಂದು ಅವನ ಬೆನ್ನು ತಟ್ಟಿದರು. ಹುಡುಗಿ ಈಗ ವಾರದಲ್ಲಿ ಕೆಲವು ದಿನ ಫೋನಿನ ಮೇಲೆಯೇ ಕೋಲ್ಡ್ ಸ್ಟೋರೇಜು ನಡೆಸುತ್ತಾಳೆ, ಮ್ಯಾಚಿದ್ದಾಗ ಕೇರಳದಲ್ಲಿರುತ್ತಾಳೆ. ಗೋಲು ಬಿಟ್ಟ ದಿನ ಅಕ್ಕಿ ಸ್ವಲ್ಪ ಜಾಸ್ತಿಯೇ ಖರ್ಚಾಗುತ್ತದೆಂದು ಅವಳ ದೂರು.

ತೊಂದರೆಯಾದದ್ದು ನನಗೆ. ನಾನು ಸಂಬಂಧ ಕುದುರಿಸುತ್ತೇನೆಂಬ ಸುದ್ದಿ ಸುತ್ತಲ ಊರುಗಳಿಗೆಲ್ಲ ಹಬ್ಬಿತು. ಮೊನ್ನೆ ಗುತ್ತಲದಿಂದ ಒಬ್ಬ ಹಿರಿಯರು ಬಂದು, ಎದುರಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತು, ಮಗಳ ಜಾತಕವನ್ನು ಮೇಜಿನ ಮೇಲೆ ಬಿಡಿಸಿದರು. ಕೇರಳದ ಕರಾರು, ಲೀಗು, ಲೈಸನ್ಸು ಎಲ್ಲವನ್ನೂ ತಾಳ್ಮೆಯಿಂದ ಬಿಡಿಸಿ ಹೇಳಿ, ನಾನು ಫುಟ್‌ಬಾಲ್ ಆಟಗಾರರ ಕೆಲಸ ಮಾತ್ರ ಮಾಡುವವಳು, ಮದುವೆಯದಲ್ಲ ಎಂದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿಸಿಕೊಂಡರು.

"ತಿಳೀತ್ರಿ ವಕೀಲ್ರ," ಅಂದರು. "ಫುಟ್‌ಬಾಲಿನ ಹುಡುಗ ಇರದಿದ್ರ ಬಿಡ್ರಿ. ಒಬ್ಬ ಬೌಲರ್ ಇದ್ರೂ ನಡೀತೈತಿ."